ಮೊಬೈಲಿನ ಸಿಗ್ನಲ್ ಕಡ್ಡಿಗಳನ್ನು ಎಷ್ಟರಮಟ್ಟಿಗೆ ನಂಬಬಹುದು?

ಬೇಸಾಯದಲ್ಲಿ ಮೊಬೈಲ್ ಫೋನಿನ ಉಪಯೋಗ ಈಗ ಮಾತುಕತೆಗಷ್ಟೇ ಸೀಮಿತವಾಗಿಲ್ಲ. ಕೊಳವೆ ಬಾವಿಯ ಮೋಟಾರನ್ನು ಮನೆಯಿಂದಲೇ ಚಾಲೂ ಮಾಡುವುದು, ಬೆಳೆ ಸಮೀಕ್ಷೆಯ ಫೋಟೋ ಕಳಿಸುವುದು, ಸಹಾಯಧನಕ್ಕೆ ಬೇಕಾದ ಓ.ಟಿ.ಪಿ. ಪಡೆಯುವುದು, ಸಿಡಿಲಿನ ಮುನ್ಸೂಚನೆ ತಿಳಿಯುವುದು, ಹಾವು ಕಚ್ಚಿದಾಗ ವಾಹನ ಕರೆಸುವುದು ಇವೆಲ್ಲಕ್ಕೂ ಫೋನೇ ಆಧಾರವಾಗಿದೆ. ಹೀಗಿರುವಾಗ ಫೋನಿನ ಮೇಲ್ತುದಿಯಲ್ಲಿ ಕಾಣುವ ಸಿಗ್ನಲ್ ಕಡ್ಡಿಗಳನ್ನು ನೋಡಿ "ಇಲ್ಲಿ ಟವರ್ ಚೆನ್ನಾಗಿ ಸಿಗುತ್ತದೆ" ಎಂದು ತೀರ್ಮಾನಿಸುವುದು ಎಲ್ಲರ ರೂಢಿ.

ಆದರೆ ಮಲೆನಾಡಿನ ಕಣಿವೆಗಳಲ್ಲಿ, ಕಾಡಂಚಿನ ಹಳ್ಳಿಗಳಲ್ಲಿ, ಬಯಲುಸೀಮೆಯಲ್ಲಿಯೂ ಟವರಿನಿಂದ ದೂರವಿರುವ ಜಮೀನುಗಳಲ್ಲಿ ಈ ಕಡ್ಡಿಗಳು ದಾರಿ ತಪ್ಪಿಸುತ್ತವೆ. ಮೂರು ಕಡ್ಡಿ ಇದ್ದರೂ ಕರೆ ಹೋಗುವುದಿಲ್ಲ. ಒಂದೇ ಕಡ್ಡಿ ಇರುವ ಕಡೆ ಸಂದೇಶ ಸಲೀಸಾಗಿ ಹೋಗುತ್ತದೆ. ಇದು ಫೋನಿನ ಕೆಡುಕೆಂದು ಎಷ್ಟೋ ಮಂದಿ ಹೊಸ ಫೋನು ಕೊಳ್ಳುತ್ತಾರೆ. ಹೊಸ ಫೋನಿನಲ್ಲಿಯೂ ಅದೇ ಕತೆ. ಕಡ್ಡಿಗಳು ಏನನ್ನು ತೋರಿಸುತ್ತವೆ, ಏನನ್ನು ತೋರಿಸುವುದಿಲ್ಲ, ಅವುಗಳನ್ನು ನಂಬುವ ಬದಲು ರೈತರು ಏನು ಮಾಡಬೇಕು ಎಂಬುದನ್ನು ಈ ಪಾಠದಲ್ಲಿ ತಿಳಿಯೋಣ.

ಕಡ್ಡಿ ಎಂದರೇನು?

ಟವರಿನಿಂದ ಹೊರಟ ರೇಡಿಯೋ ಅಲೆಗಳು ನಿಮ್ಮ ಫೋನನ್ನು ತಲಪುವ ವೇಳೆಗೆ ಬಹಳ ಕ್ಷೀಣಿಸಿರುತ್ತವೆ. ಹಾಗೆ ಬಂದು ತಲಪಿದ ಬಲವನ್ನು ಫೋನು ಅಳೆದು, ಆ ಅಂಕಿಯನ್ನು ನಾಲ್ಕೈದು ದರ್ಜೆಗಳಾಗಿ ವಿಂಗಡಿಸಿ, ದರ್ಜೆಗೊಂದು ಕಡ್ಡಿಯಂತೆ ತೋರಿಸುತ್ತದೆ. ಅಂದರೆ ಕಡ್ಡಿಯು ಅಳತೆಯಲ್ಲ. ಅಳತೆಯನ್ನು ನೋಡಿ ಫೋನು ಕೊಟ್ಟ ಅಭಿಪ್ರಾಯ.

ಈ ಅಭಿಪ್ರಾಯ ಟವರಿನ ಧ್ವನಿ ನಿಮ್ಮ ಫೋನಿಗೆ ಎಷ್ಟು ಕೇಳಿಸುತ್ತಿದೆ ಎಂಬ ಒಂದೇ ವಿಷಯಕ್ಕೆ ಸಂಬಂಧಿಸಿದ್ದು. ನಿಮ್ಮ ಫೋನಿನ ಧ್ವನಿ ಟವರಿಗೆ ಕೇಳಿಸುತ್ತಿದೆಯೇ, ಟವರಿನ ಬಳಿ ನಿಮಗೆ ಕೊಡಲು ಬಿಡುವಿದೆಯೇ, ಟವರಿನ ಹಿಂದಿನ ಸಂಪರ್ಕ ಸರಿಯಾಗಿದೆಯೇ ಎಂಬುದನ್ನು ಕಡ್ಡಿಗಳು ಹೇಳುವುದಿಲ್ಲ.

ಎಲ್ಲ ಫೋನುಗಳಿಗೂ ಒಂದೇ ಅಳತೆ ಇಲ್ಲ

ಮೆಟ್ರಿಕ್ ಪದ್ಧತಿ ಬರುವುದಕ್ಕೆ ಮುಂಚೆ ಒಂದೊಂದು ಸೀಮೆಯ ಸೇರು ಒಂದೊಂದು ತೂಕದ್ದಾಗಿತ್ತು. ಬೇರೆ ಊರಿನ ಸಂತೆಗೆ ಕಾಳು ಒಯ್ದವನು ಅಲ್ಲಿಯ ಸೇರಿನ ಗಾತ್ರ ತಿಳಿಯದಿದ್ದರೆ ನಷ್ಟ ಪಡುತ್ತಿದ್ದ. ಸಿಗ್ನಲ್ ಕಡ್ಡಿಗಳ ಸ್ಥಿತಿಯೂ ಹೀಗೆಯೇ ಇದೆ. ಎಷ್ಟು ಬಲಕ್ಕೆ ಎಷ್ಟು ಕಡ್ಡಿ ಎಂಬುದಕ್ಕೆ ಎಲ್ಲರೂ ಪಾಲಿಸಬೇಕಾದ ಅಂತರರಾಷ್ಟ್ರೀಯ ನಿಯಮವಿಲ್ಲ. ಫೋನು ತಯಾರಕರು ತಮ್ಮ ತಮ್ಮ ಗಡಿಗಳನ್ನು ಇಟ್ಟುಕೊಂಡಿದ್ದಾರೆ. ಆಂಡ್ರಾಯ್ಡ್ ಫೋನುಗಳಲ್ಲಿ ಸಿಮ್ ಯಾವ ಕಂಪನಿಯದೋ ಆ ಕಂಪನಿಗೆ ಬೇಕಾದಂತೆ ಈ ಗಡಿಗಳನ್ನು ಬದಲಿಸಲು ಸಹ ಅವಕಾಶವಿದೆ. ಆದ್ದರಿಂದ ಒಂದೇ ಬದುವಿನ ಮೇಲೆ, ಒಂದೇ ಕಂಪನಿಯ ಸಿಮ್ ಹಾಕಿದ ಎರಡು ಫೋನುಗಳಲ್ಲಿ ಒಂದು ನಾಲ್ಕು ಕಡ್ಡಿಯನ್ನೂ ಇನ್ನೊಂದು ಎರಡು ಕಡ್ಡಿಯನ್ನೂ ತೋರಿಸಿದರೆ ಆಶ್ಚರ್ಯಪಡಬೇಕಾಗಿಲ್ಲ.

ಈ ವಿಷಯ ದೊಡ್ಡದಾಗಿ ಬೆಳಕಿಗೆ ಬಂದದ್ದು 2010ರಲ್ಲಿ. ಆ ವರ್ಷದ ಜೂನ್ ತಿಂಗಳಲ್ಲಿ ಆಪಲ್ ಕಂಪನಿಯ ಐಫೋನ್ 4 ಬಿಡುಗಡೆಯಾಯಿತು. ಫೋನನ್ನು ಒಂದು ಬಗೆಯಲ್ಲಿ ಹಿಡಿದರೆ ಕಡ್ಡಿಗಳು ತಟಕ್ಕನೆ ಇಳಿಯುತ್ತವೆ ಎಂಬ ದೂರುಗಳು ಬಂದವು. ಜುಲೈ 2ರಂದು ಕಂಪನಿಯು ಬಹಿರಂಗ ಪತ್ರ ಪ್ರಕಟಿಸಿ, ಕಡ್ಡಿಗಳನ್ನು ಲೆಕ್ಕ ಹಾಕುವ ಸೂತ್ರವೇ ತಪ್ಪಾಗಿತ್ತೆಂದೂ, ಎರಡು ಕಡ್ಡಿ ತೋರಿಸಬೇಕಾದ ಕಡೆ ನಾಲ್ಕು ಕಡ್ಡಿ ತೋರಿಸಿದ್ದುಂಟೆಂದೂ ಒಪ್ಪಿಕೊಂಡಿತು. ಅದೇ ತಿಂಗಳು ಸೂತ್ರವನ್ನು ತಿದ್ದಲಾಯಿತು. ಹಿಡಿತದಿಂದ ಸಿಗ್ನಲ್ ಕುಗ್ಗುವುದು ನಿಜವೇ. ಆದರೆ ಮೊದಲೇ ದುರ್ಬಲವಾಗಿದ್ದ ಸಿಗ್ನಲನ್ನು ಬಲವಾದದ್ದೆಂದು ತೋರಿಸಿದ್ದರಿಂದ ಕುಸಿತ ಇನ್ನೂ ದೊಡ್ಡದಾಗಿ ಕಂಡಿತು.

ಇಂದಿನ ಫೋನುಗಳಲ್ಲಿಯೂ ಈ ಬಗೆಯ ಏರಿಕೆ ಸಾಧ್ಯ. ಆಂಡ್ರಾಯ್ಡ್ ವ್ಯವಸ್ಥೆಯ ಮೂಲ ಬರಹ ಯಾರು ಬೇಕಾದರೂ ಓದಲು ಸಿಗುತ್ತದೆ. ಲೆಕ್ಕಕ್ಕೆ ಬಂದ ಕಡ್ಡಿಗಳಿಗೆ ಇನ್ನೊಂದನ್ನು ಸೇರಿಸಿ ತೋರಿಸುವಂತೆ ನೆಟ್‌ವರ್ಕ್ ಕಂಪನಿಯ ಇಚ್ಛೆಯಂತೆ ಹೊಂದಿಸಬಹುದಾದ ಒಂದು ಏರ್ಪಾಡು ಅದರಲ್ಲಿ ಇದೆ. ಎಲ್ಲ ಕಂಪನಿಗಳೂ ಇದನ್ನು ಬಳಸುತ್ತವೆ ಎಂದು ಅರ್ಥವಲ್ಲ. ಆದರೆ ಕಡ್ಡಿಯನ್ನು ನೋಡಿದ ಮಾತ್ರಕ್ಕೆ ಬಳಸಿದೆಯೋ ಇಲ್ಲವೋ ಎಂದು ಗ್ರಾಹಕರಿಗೆ ತಿಳಿಯುವುದಿಲ್ಲ.

ನಿಜವಾದ ಅಳತೆ: ಡಿಬಿಎಂ

ಸಿಗ್ನಲಿನ ಬಲವನ್ನು ತಂತ್ರಜ್ಞರು ಡಿಬಿಎಂ ಎಂಬ ಮಾನದಲ್ಲಿ ಅಳೆಯುತ್ತಾರೆ. ಈ ಅಂಕಿಯನ್ನು ನೀವೂ ನೋಡಬಹುದು. ಆಂಡ್ರಾಯ್ಡ್ ಫೋನಿನಲ್ಲಿ ಸೆಟ್ಟಿಂಗ್ಸ್ ತೆರೆದು, ಅಬೌಟ್ ಫೋನ್ ವಿಭಾಗಕ್ಕೆ ಹೋಗಿ, ಸಿಮ್ ಸ್ಟೇಟಸ್ ಎಂಬುದನ್ನು ಒತ್ತಿದರೆ ಸಿಗ್ನಲ್ ಸ್ಟ್ರೆಂತ್ ಎಂಬ ಸಾಲಿನಲ್ಲಿ ಅಂಕಿ ಕಾಣುತ್ತದೆ. ಕೆಲವು ಫೋನುಗಳಲ್ಲಿ ಇದು ಸ್ಟೇಟಸ್ ಎಂಬ ಉಪವಿಭಾಗದಲ್ಲಿರುತ್ತದೆ. ಐಫೋನ್ ಇರುವವರು *3001#12345#* ಎಂದು ಒತ್ತಿ ಕರೆ ಗುಂಡಿ ಅದುಮಿದರೆ ಪರೀಕ್ಷಾ ಪುಟ ತೆರೆಯುತ್ತದೆ.

ಈ ಅಂಕಿ ಯಾವಾಗಲೂ ಋಣ ಚಿಹ್ನೆಯೊಂದಿಗೆ ಇರುತ್ತದೆ. ಇದನ್ನು ಸಾಲದ ಲೆಕ್ಕದಂತೆ ಓದಬೇಕು. 80 ರೂಪಾಯಿ ಸಾಲವಿರುವವನಿಗಿಂತ 110 ರೂಪಾಯಿ ಸಾಲವಿರುವವನ ಸ್ಥಿತಿ ಕೆಟ್ಟದ್ದು. ಹಾಗೆಯೇ -80 ಕ್ಕಿಂತ -110 ದುರ್ಬಲ. ಎಷ್ಟು ದುರ್ಬಲ? ಈ ಮಾನದಲ್ಲಿ 3 ಅಂಕ ಇಳಿದರೆ ಬಲ ಸುಮಾರು ಅರ್ಧವಾಗುತ್ತದೆ. 10 ಅಂಕ ಇಳಿದರೆ ಹತ್ತರಲ್ಲೊಂದು ಪಾಲಾಗುತ್ತದೆ. ಆದ್ದರಿಂದ -80 ರಿಂದ -110 ಕ್ಕೆ ಇಳಿಯಿತೆಂದರೆ ಸಾವಿರ ಲೀಟರಿನ ತೊಟ್ಟಿಯಲ್ಲಿ ಒಂದು ಲೀಟರು ಉಳಿದಂತೆ.

4ಜಿ ಸಿಗ್ನಲಿಗೆ ಈ ಕೆಳಗಿನ ಅಂದಾಜು ಸಾಕಾಗುತ್ತದೆ:

-85 ಅಥವಾ ಅದಕ್ಕಿಂತ ಮೇಲು: ಬಹಳ ಉತ್ತಮ
-85 ರಿಂದ -95: ಉತ್ತಮ
-95 ರಿಂದ -105: ಸಾಧಾರಣ
-105 ರಿಂದ -115: ದುರ್ಬಲ, ಕರೆ ಕಡಿಯಬಹುದು, ಇಂಟರ್‌ನೆಟ್ ನಿಧಾನ
-115 ಕ್ಕಿಂತ ಕೆಳಗೆ: ನೆಚ್ಚುವಂತಿಲ್ಲ

ಇದನ್ನು ಕಡ್ಡಿಗಳೊಡನೆ ಹೋಲಿಸಿ ನೋಡೋಣ. ಆಂಡ್ರಾಯ್ಡ್‌ನ ಮೂಲ ಏರ್ಪಾಡಿನಲ್ಲಿ 4ಜಿಗೆ ಇಟ್ಟಿರುವ ಗಡಿಗಳು -128, -118, -108 ಮತ್ತು -98. ಮೊದಲನೆಯ ಗಡಿ ದಾಟಿದರೆ ಒಂದು ಕಡ್ಡಿ, ಮೂರನೆಯದು ದಾಟಿದರೆ ಮೂರು ಕಡ್ಡಿ, ನಾಲ್ಕನೆಯದು ದಾಟಿದರೆ ನಾಲ್ಕೂ ಕಡ್ಡಿ. ನಿಮ್ಮ ಪಂಪ್ ಮನೆಯ ಬಳಿ -107 ಇದೆ ಎಂದುಕೊಳ್ಳಿ. ಮೇಲಿನ ಅಂದಾಜಿನಂತೆ ಅದು ದುರ್ಬಲ ಸಿಗ್ನಲ್. ಆದರೆ ಫೋನು ನಾಲ್ಕರಲ್ಲಿ ಮೂರು ಕಡ್ಡಿ ತೋರಿಸುತ್ತದೆ! ಟವರಿನ ಪಕ್ಕದಲ್ಲೇ -70 ಇರುವವನಿಗೂ, ದೂರದಲ್ಲಿ -97 ಇರುವವನಿಗೂ ಒಂದೇ ರೀತಿ ನಾಲ್ಕು ಕಡ್ಡಿ. ಅವರಿಬ್ಬರ ಸಿಗ್ನಲಿನ ನಡುವೆ ಐನೂರು ಪಟ್ಟು ವ್ಯತ್ಯಾಸವಿದೆ ಎಂಬುದು ಕಡ್ಡಿಗಳಿಂದ ತಿಳಿಯುವುದೇ ಇಲ್ಲ.

ಕಡ್ಡಿ ತುಂಬಿದ್ದರೂ ಕೆಲಸವಾಗದಿರಲು ಕಾರಣಗಳು

1. ಏಕಮುಖ ಕೇಳುವಿಕೆ: ದೇವಸ್ಥಾನದ ಧ್ವನಿವರ್ಧಕ ಎರಡು ಮೈಲಿ ದೂರದ ಹೊಲಕ್ಕೂ ಕೇಳಿಸುತ್ತದೆ. ಆದರೆ ಹೊಲದಲ್ಲಿ ನಿಂತು ನೀವು ಕೂಗಿದರೆ ದೇವಸ್ಥಾನಕ್ಕೆ ಕೇಳಿಸುವುದಿಲ್ಲ. ಟವರಿನ ಪ್ರಸಾರಕದ ಶಕ್ತಿ ಹತ್ತಾರು ವ್ಯಾಟ್. 4ಜಿ ಫೋನಿನ ಗರಿಷ್ಠ ಶಕ್ತಿ ಸಾಮಾನ್ಯವಾಗಿ ಒಂದು ವ್ಯಾಟಿನ ಐದನೇ ಒಂದು ಭಾಗ ಮಾತ್ರ. ಟವರಿನ ಗ್ರಾಹಕ ಎಷ್ಟೇ ಸೂಕ್ಷ್ಮವಾಗಿದ್ದರೂ ಅಂಚಿನ ಪ್ರದೇಶಗಳಲ್ಲಿ ಫೋನಿನ ಮಾತು ಅಲ್ಲಿಗೆ ಮುಟ್ಟದೆ ಹೋಗಬಹುದು. ಕಡ್ಡಿಗಳು ಕೇಳಿಸಿಕೊಂಡದ್ದನ್ನು ತೋರಿಸುತ್ತವೆ. ಕರೆ ನಡೆಯಲು ಎರಡು ಕಡೆಯೂ ಕೇಳಿಸಬೇಕು.

2. ಗದ್ದಲ: ಗುಡ್ಡದ ನೆತ್ತಿಯಲ್ಲಿ ನಾಲ್ಕಾರು ಟವರುಗಳ ಅಲೆಗಳು ಒಟ್ಟಿಗೆ ಬಂದು ತಲಪುತ್ತವೆ. ಜಾತ್ರೆಯಲ್ಲಿ ಎಲ್ಲ ಅಂಗಡಿಗಳ ಧ್ವನಿವರ್ಧಕಗಳೂ ಒಮ್ಮೆಲೇ ಕೂಗಿದರೆ ಶಬ್ದ ಜೋರಾಗಿರುತ್ತದೆ, ಮಾತು ಅರ್ಥವಾಗುವುದಿಲ್ಲ. ಸಿಗ್ನಲಿನ ಬಲ ಬೇರೆ, ಅದರ ಶುದ್ಧತೆ ಬೇರೆ.

3. ದಟ್ಟಣೆ: ಒಂದು ಟವರಿನ ಸಾಮರ್ಥ್ಯವನ್ನು ಅದರ ವ್ಯಾಪ್ತಿಯಲ್ಲಿರುವವರೆಲ್ಲ ಹಂಚಿಕೊಳ್ಳಬೇಕು. ಸಂಜೆ ಎಲ್ಲರೂ ಮನೆ ಸೇರಿದ ಮೇಲೆ, ಸಂತೆ ಮತ್ತು ಜಾತ್ರೆಗಳಂದು ಕಡ್ಡಿ ತುಂಬಿದ್ದರೂ ಇಂಟರ್‌ನೆಟ್ ಓಡುವುದಿಲ್ಲ. ಕಾಲುವೆಯ ತೂಬು ತೆರೆದಿದ್ದರೂ ಮೇಲಿನವರೆಲ್ಲ ನೀರು ಹಾಯಿಸುತ್ತಿದ್ದರೆ ಕೊನೆಯ ಜಮೀನಿಗೆ ನೀರು ಬಾರದಂತೆ ಇದು.

4. ಟವರಿನ ಹಿಂದಿನ ಸಂಪರ್ಕ: ಟವರನ್ನು ಮುಖ್ಯ ಕೇಂದ್ರಕ್ಕೆ ಜೋಡಿಸುವುದು ನೆಲದೊಳಗಿನ ಫೈಬರ್ ತಂತಿ ಅಥವಾ ಟವರಿನಿಂದ ಟವರಿಗೆ ಹೋಗುವ ಮೈಕ್ರೋವೇವ್ ಕೊಂಡಿ. ರಸ್ತೆ ಅಗೆದು ಫೈಬರ್ ತುಂಡಾದರೂ ಟವರು ತನ್ನ ಅಲೆಗಳನ್ನು ಕೆಲಕಾಲ ಹೊರಡಿಸುತ್ತಲೇ ಇರಬಹುದು. ಆಗ ಕಡ್ಡಿ ಪೂರ್ತಿ, ಕೆಲಸ ಶೂನ್ಯ.

5. ಹಳೆಯ ಅಂಕಿ: ಫೋನು ಸುಮ್ಮನಿರುವಾಗ ಬ್ಯಾಟರಿ ಉಳಿಸುವ ಸಲುವಾಗಿ ಬಿಟ್ಟು ಬಿಟ್ಟು ಮಾತ್ರ ಟವರಿನ ಕಡೆ ಕಿವಿಗೊಡುತ್ತದೆ. ಕಡ್ಡಿಗಳು ಪದೇ ಪದೇ ಏರಿಳಿಯದಂತೆ ಸರಾಸರಿಯನ್ನೂ ತೆಗೆಯುತ್ತದೆ. ದಿಬ್ಬದಿಂದ ತಗ್ಗಿಗೆ ಇಳಿದ ಮೇಲೂ ಸ್ವಲ್ಪ ಹೊತ್ತು ದಿಬ್ಬದ ಕಡ್ಡಿಗಳೇ ಕಾಣಬಹುದು.

6. ಕರೆಗೆ ಬೇರೆ ದಾರಿ: ಫೋನಿನಲ್ಲಿ ವೋಲ್ಟಿ ಸೌಲಭ್ಯ ಚಾಲೂ ಇಲ್ಲದಿದ್ದರೆ 4ಜಿ ಕಡ್ಡಿ ಎಷ್ಟಿದ್ದರೂ ಕರೆಯು 2ಜಿ ಅಥವಾ 3ಜಿಗೆ ಇಳಿದು ಹೋಗಬೇಕು. ಆ ಜಾಗದಲ್ಲಿ ಅವು ಇಲ್ಲದಿದ್ದರೆ ಕರೆ ಹೋಗುವುದಿಲ್ಲ.

7. 5ಜಿ ಗುರುತು: ಭಾರತದಲ್ಲಿ 5ಜಿ ಸೇವೆ ಆರಂಭವಾದದ್ದು 2022ರ ಅಕ್ಟೋಬರ್ 1ರಂದು. 4ಜಿಯನ್ನೇ ಆಧಾರವಾಗಿಟ್ಟುಕೊಂಡು 5ಜಿ ನಡೆಸುವ ಕಡೆಗಳಲ್ಲಿ, ಟವರು ಕೊಡುವ "ಇಲ್ಲಿ 5ಜಿ ಉಂಟು" ಎಂಬ ಸೂಚನೆಯನ್ನು ಹಿಡಿದು ಫೋನು 5ಜಿ ಎಂದು ಬರೆಯಬಹುದು. ಆ ಕ್ಷಣದಲ್ಲಿ ಮಾಹಿತಿ 4ಜಿಯಲ್ಲೇ ಹರಿಯುತ್ತಿರಬಹುದು.

ದುರ್ಬಲ ಸಿಗ್ನಲಿನ ಲಕ್ಷಣಗಳು

ಎಲೆಯ ಬಣ್ಣ ನೋಡಿ ಬೆಳೆಗೆ ಯಾವುದರ ಕೊರತೆ ಇದೆ ಎಂದು ಊಹಿಸುವಂತೆ, ಕಡ್ಡಿಗಳನ್ನು ಬಿಟ್ಟು ಈ ಲಕ್ಷಣಗಳನ್ನು ಗಮನಿಸಿರಿ.

- ಫೋನು ಬಳಸದೆ ಜೇಬಿನಲ್ಲಿದ್ದರೂ ಬೆಚ್ಚಗಾಗುವುದು, ಬ್ಯಾಟರಿ ಬೇಗ ಇಳಿಯುವುದು. ದೂರದ ಟವರನ್ನು ಮುಟ್ಟಲು ಫೋನು ತನ್ನ ಪೂರ್ಣ ಶಕ್ತಿ ಬಳಸುತ್ತಿದೆ ಎಂದು ಇದರಿಂದ ತಿಳಿಯಬಹುದು.
- ಕರೆ ಮಾಡಿದಾಗ ರಿಂಗ್ ಆಗುವ ಮೊದಲು ಬಹಳ ಹೊತ್ತು ಮೌನವಿರುವುದು.
- ನಿಮಗೆ ಎದುರಿನವರ ಮಾತು ಕೇಳಿಸಿ, ಅವರಿಗೆ ನಿಮ್ಮ ಮಾತು ತುಂಡು ತುಂಡಾಗಿ ಕೇಳಿಸುವುದು.
- ವಾಟ್ಸಾಪ್ ಸಂದೇಶದ ಬಳಿ ಗಡಿಯಾರದ ಗುರುತು ಉಳಿಯುವುದು. ಗಡಿಯಾರ ಇದ್ದರೆ ಸಂದೇಶ ನಿಮ್ಮ ಫೋನನ್ನೇ ಬಿಟ್ಟಿಲ್ಲ. ಒಂದು ಗುರುತು ಬಿದ್ದರೆ ಹೊರಟಿದೆ. ಎರಡು ಬಿದ್ದರೆ ಎದುರಿನವರ ಫೋನು ತಲಪಿದೆ.

ಜಮೀನಿನ ಸಿಗ್ನಲ್ ಪರೀಕ್ಷೆ ಮಾಡುವ ವಿಧಾನ

ಮಣ್ಣು ಪರೀಕ್ಷೆಗೆ ಒಂದೇ ಜಾಗದ ಮಣ್ಣು ತೆಗೆಯುವುದಿಲ್ಲ; ಜಮೀನಿನಲ್ಲಿ ಅಂಕುಡೊಂಕಾಗಿ ನಡೆದು ಹಲವು ಕಡೆ ಮಾದರಿ ತೆಗೆಯುತ್ತೇವೆ. ಸಿಗ್ನಲಿಗೂ ಇದೇ ಕ್ರಮ. ಹತ್ತು ಹೆಜ್ಜೆಯ ಅಂತರದಲ್ಲಿ ಸಿಗ್ನಲ್ ಬೇರೆಯಾಗಬಹುದು. ಇದಕ್ಕೆ ಒಂದು ನೋಟ್ ಪುಸ್ತಕ, ಪೆನ್ನು ಮತ್ತು ಒಂದು ದಿನದ ಬಿಡುವು ಸಾಕು.

1. ಕೆಲಸ ನಡೆಯುವ ಜಾಗಗಳನ್ನು ಪಟ್ಟಿ ಮಾಡಿರಿ: ಮನೆ, ದನದ ಕೊಟ್ಟಿಗೆ, ಪಂಪ್ ಮನೆ, ಕಣ, ಔಷಧಿ ಸಿಂಪಡಿಸುವ ತೋಟದ ಮೂಲೆಗಳು, ಮಳೆ ಬಂದರೆ ಆಸರೆ ಪಡೆಯುವ ಕಟ್ಟಡ.

2. ಪ್ರತಿಯೊಂದು ಜಾಗದಲ್ಲಿ ಎದೆಯ ಮಟ್ಟದಲ್ಲಿ ಫೋನು ಹಿಡಿದು, ಒಂದು ನಿಮಿಷ ನಿಂತು, ಡಿಬಿಎಂ ಅಂಕಿ ಸ್ಥಿರವಾದ ಮೇಲೆ ಬರೆದುಕೊಳ್ಳಿರಿ. ಕಡ್ಡಿ ಎಷ್ಟಿದೆ ಎಂಬುದನ್ನೂ ಪಕ್ಕದಲ್ಲಿ ಬರೆಯಿರಿ.

3. ಅಲ್ಲಿಂದಲೇ ಮನೆಯವರಿಗೆ ಮೂರು ಸಲ ಕರೆ ಮಾಡಿ, ಒಂದೊಂದು ನಿಮಿಷ ಮಾತನಾಡಿರಿ. ಎದುರಿನವರಿಗೆ ಮಾತು ಸ್ಪಷ್ಟವಾಗಿ ಕೇಳಿಸಿತೇ ಎಂದು ವಿಚಾರಿಸಿರಿ. ಒಂದು ಎಸ್.ಎಂ.ಎಸ್. ಮತ್ತು ಒಂದು ಫೋಟೋ ಕಳಿಸಿರಿ.

4. ಮುಂಜಾನೆ, ಮಧ್ಯಾಹ್ನ ಮತ್ತು ಸಂಜೆ 7 ರಿಂದ 9 ಗಂಟೆಯ ಒಳಗೆ ಹೀಗೆ ಮೂರು ಸಲ ಪರೀಕ್ಷಿಸಿರಿ.

5. ಸಾಧ್ಯವಾದರೆ ನೆರೆಯವರ ಬೇರೆ ಕಂಪನಿಯ ಸಿಮ್ ಇರುವ ಫೋನಿನಿಂದಲೂ ಪರೀಕ್ಷೆ ನಡೆಸಿರಿ.

6. ಮೂರು ಕರೆಗಳೂ ಯಶಸ್ವಿಯಾದ ಜಾಗವನ್ನು ಜಮೀನಿನ ಕೈನಕ್ಷೆಯಲ್ಲಿ ಗುರುತು ಮಾಡಿರಿ. ಎರಡು ಅಥವಾ ಒಂದು ಸಲ ಮಾತ್ರ ಆದರೆ ಅದನ್ನು ಅನುಮಾನದ ಜಾಗವೆಂದು ಬರೆಯಿರಿ.

7. ಮಳೆಗಾಲದಲ್ಲಿ ಒಮ್ಮೆ ಈ ಪರೀಕ್ಷೆಯನ್ನು ಪುನಃ ಮಾಡಿರಿ. ಮಳೆ ಹನಿಗಳಿಂದ ಮೊಬೈಲ್ ಅಲೆಗಳಿಗೆ ಹೆಚ್ಚು ಅಡ್ಡಿಯಿಲ್ಲ. ಆದರೆ ನೀರು ಹಿಡಿದ ದಟ್ಟ ಎಲೆಗಳು ಅಲೆಗಳನ್ನು ಹೀರುತ್ತವೆ. ಬೇಸಿಗೆಯಲ್ಲಿ ಸಿಗುತ್ತಿದ್ದ ಸಿಗ್ನಲ್ ಆಷಾಢದ ಅಡಿಕೆ ತೋಟದಲ್ಲಿ ಸಿಗದಿರಬಹುದು. ಜೊತೆಗೆ ವಿದ್ಯುತ್ ನಿಂತು ಟವರಿನ ಬ್ಯಾಟರಿ ಮುಗಿದರೆ ಸೇವೆಯೇ ನಿಲ್ಲುತ್ತದೆ.

ಈ ನಕ್ಷೆಯ ಒಂದು ಪ್ರತಿಯನ್ನು ಮನೆಯ ಗೋಡೆಗೆ ಅಂಟಿಸಿ, ಮಕ್ಕಳಿಗೂ ಕೂಲಿಗೆ ಬರುವವರಿಗೂ ತಿಳಿಸಿಕೊಡಬೇಕು.

ಮೊಬೈಲ್ ಸ್ಟಾರ್ಟರ್ ಬಳಸುವವರು ಗಮನಿಸಬೇಕಾದ ಅಂಶಗಳು

ಮೊಬೈಲ್ ಸ್ಟಾರ್ಟರ್ ಇರುವ ಪಂಪ್‌ಸೆಟ್‌ನಲ್ಲಿ ಆದೇಶವನ್ನು ಸ್ವೀಕರಿಸುವುದು ಪೆಟ್ಟಿಗೆಯೊಳಗಿನ ಸಿಮ್. ನಿಮ್ಮ ಕೈಯಲ್ಲಿರುವ ಫೋನಿನ ಕಡ್ಡಿಗಳಿಗೂ ಅಲ್ಲಿಯ ಸಿಗ್ನಲಿಗೂ ಸಂಬಂಧವಿಲ್ಲ. ಚಾಲೂ ಮಾಡುವ ಆದೇಶ ತಲಪದಿದ್ದರೆ ಒಂದು ದಿನದ ನೀರು ತಪ್ಪುತ್ತದೆ, ಅಷ್ಟೆ. ನಿಲ್ಲಿಸುವ ಆದೇಶ ತಲಪದಿದ್ದರೆ ಕೊಳವೆ ಬಾವಿ ಬತ್ತಿ, ಮೋಟಾರು ನೀರಿಲ್ಲದೆ ಓಡಿ ಸುಟ್ಟುಹೋಗಬಹುದು. ಆದುದರಿಂದ:

- ಕಬ್ಬಿಣದ ಪೆಟ್ಟಿಗೆ ಅಲೆಗಳನ್ನು ತಡೆಯುತ್ತದೆ. ಸ್ಟಾರ್ಟರಿನ ಆಂಟೆನಾವನ್ನು ಪೆಟ್ಟಿಗೆಯ ಹೊರಗೆ, ತಗಡಿನ ಛಾವಣಿಗಿಂತ ಮೇಲೆ ಬರುವಂತೆ ಅಳವಡಿಸಬೇಕು.
- ಹಳೆಯ ಹಲವು ಸ್ಟಾರ್ಟರುಗಳು 2ಜಿಯಲ್ಲಿ ಮಾತ್ರ ಕೆಲಸ ಮಾಡುತ್ತವೆ. ಇವಕ್ಕೆ 4ಜಿ ಮಾತ್ರ ಇರುವ ಕಂಪನಿಯ ಸಿಮ್ ನಡೆಯುವುದಿಲ್ಲ. ಕೊಳ್ಳುವಾಗಲೇ ವಿಚಾರಿಸಿರಿ.
- "ಮೋಟಾರು ನಿಂತಿದೆ" ಎಂಬ ಮರುಸಂದೇಶ ಬಂದರೆ ಮಾತ್ರ ನಿಂತಿದೆ ಎಂದು ತಿಳಿಯಬೇಕು. ಕರೆ ಹೋದ ಮಾತ್ರಕ್ಕೆ ಮೋಟಾರು ನಿಂತಿತೆಂದು ಭಾವಿಸಬಾರದು.
- ನೀರಿಲ್ಲದಾಗ ತಾನಾಗಿ ನಿಲ್ಲಿಸುವ ರಕ್ಷಣೆ ಮತ್ತು ಗಂಟೆ ನಿಗದಿ ಮಾಡುವ ಟೈಮರ್ ಕಡ್ಡಾಯವಾಗಿ ಇರಬೇಕು. ಇವು ಸಿಗ್ನಲ್ ಇಲ್ಲದಿದ್ದರೂ ಕೆಲಸ ಮಾಡುತ್ತವೆ.
- ದುರಸ್ತಿಗಾಗಿ ಮೋಟಾರು ಅಥವಾ ತಂತಿ ಮುಟ್ಟುವ ಮೊದಲು ಮುಖ್ಯ ಸ್ವಿಚ್ಚನ್ನು ಕೈಯಿಂದಲೇ ಆರಿಸಬೇಕು. ಫೋನಿನ ಆದೇಶವನ್ನು ನಂಬಿ ಕೈ ಹಾಕಬಾರದು. ತಡವಾಗಿ ತಲಪಿದ ಹಿಂದಿನ ಸಂದೇಶದಿಂದ ಮೋಟಾರು ಚಾಲೂ ಆಗುವ ಸಂಭವವುಂಟು.

ಓ.ಟಿ.ಪಿ., ಹಣ ಪಾವತಿ ಮತ್ತು ಫೋಟೋ ರವಾನೆ

ಎಸ್.ಎಂ.ಎಸ್.ಗೆ ಬೇಕಾಗುವ ಸಿಗ್ನಲ್ ಅತ್ಯಲ್ಪ. ಇಂಟರ್‌ನೆಟ್ ಓಡದ ಕಡೆಯೂ ಅದು ಬರಬಹುದು. ಫೋನು ಸಿಗದಿದ್ದರೆ ಕಂಪನಿಯ ಕೇಂದ್ರ ಸಂದೇಶವನ್ನು ಇಟ್ಟುಕೊಂಡು ಆಮೇಲೆ ಕಳಿಸುತ್ತದೆ. ಆದ್ದರಿಂದ ಓ.ಟಿ.ಪಿ. ಅವಧಿ ಮುಗಿದ ಮೇಲೆ ಬರುವುದುಂಟು. ಪದೇ ಪದೇ ಹೊಸ ಓ.ಟಿ.ಪಿ. ಕೇಳಿದರೆ ಹಳೆಯದು ರದ್ದಾಗಿ ಗೊಂದಲ ಹೆಚ್ಚುತ್ತದೆ. ಮೊದಲು ನಿಮ್ಮ ನಕ್ಷೆಯ ಒಳ್ಳೆಯ ಜಾಗಕ್ಕೆ ಹೋಗಿ, ಅನಂತರ ಒಂದೇ ಸಲ ಕೇಳಿರಿ.

ಯು.ಪಿ.ಐ. ಮೂಲಕ ಹಣ ಕಳಿಸುವಾಗ ಮಧ್ಯದಲ್ಲಿ ಸಂಪರ್ಕ ಕಡಿದರೆ ಕೂಡಲೇ ಎರಡನೇ ಸಲ ಕಳಿಸಬಾರದು. ಮೊದಲನೆಯದು ಹೋಗಿರಬಹುದು. ವ್ಯವಹಾರದ ಪಟ್ಟಿಯನ್ನೂ ಬ್ಯಾಂಕಿನ ಶಿಲ್ಕನ್ನೂ ನೋಡಿದ ಮೇಲೆಯೇ ಮುಂದುವರಿಯಿರಿ.

ಬೆಳೆಯ ಫೋಟೋ ತೆಗೆಯುವಾಗ ಜಾಗದ ಗುರುತು ಸಿಗುವುದು ಉಪಗ್ರಹಗಳಿಂದ. ಅದಕ್ಕೆ ಟವರಿನ ಕಡ್ಡಿ ಬೇಕಾಗಿಲ್ಲ. ಬಯಲಿನಲ್ಲಿ, ಆಕಾಶ ಕಾಣುವಂತೆ ನಿಂತರೆ ಸಾಕು. ಆ್ಯಪ್‌ನಲ್ಲಿ ಉಳಿಸಿಕೊಳ್ಳುವ ಅವಕಾಶವಿದ್ದರೆ ಹೊಲದಲ್ಲಿ ಫೋಟೋ ತೆಗೆದು ಉಳಿಸಿ, ಸಿಗ್ನಲ್ ಇರುವ ಕಡೆಗೆ ಬಂದು ರವಾನಿಸಿರಿ. ಕೊನೆಯ ದಿನದವರೆಗೆ ಕಾಯಬೇಡಿರಿ. ಅಂದು ದಟ್ಟಣೆ ಹೆಚ್ಚು.

ಜೀವಕ್ಕೆ ಸಂಬಂಧಿಸಿದ ಎಚ್ಚರಿಕೆಗಳು

ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆ ರೂಪಿಸಿದ ದಾಮಿನಿ ಆ್ಯಪ್ ಸಿಡಿಲಿನ ಎಚ್ಚರಿಕೆ ಕೊಡುತ್ತದೆ. ಆದರೆ ಎಚ್ಚರಿಕೆ ಬರಬೇಕಾದರೆ ಆ ಹೊತ್ತಿನಲ್ಲಿ ಇಂಟರ್‌ನೆಟ್ ಓಡುತ್ತಿರಬೇಕು. ಕಡ್ಡಿ ತುಂಬಿದೆ, ಎಚ್ಚರಿಕೆ ಬಂದಿಲ್ಲ, ಆದ್ದರಿಂದ ಅಪಾಯವಿಲ್ಲ ಎಂದು ತಿಳಿಯುವುದು ಸಲ್ಲದು. ಸಂಪರ್ಕ ದುರ್ಬಲವಾದ ಕಡೆ ಫೋನಿನ ಮೌನಕ್ಕೆ ಅರ್ಥವಿಲ್ಲ. ಗುಡುಗು ಕೇಳಿಸಿದರೆ ಹೊಲ ಬಿಟ್ಟು ಭದ್ರವಾದ ಕಟ್ಟಡ ಸೇರಬೇಕು. ಮರದ ಕೆಳಗೆ ನಿಲ್ಲಬಾರದು.

ಹಾವು ಕಚ್ಚಿದಾಗ, ಕೀಟನಾಶಕದ ವಿಷ ಏರಿದಾಗ 108 ಅಥವಾ 112 ಕ್ಕೆ ಕರೆ ಮಾಡುತ್ತೇವೆ. ಇಲ್ಲಿ ಒಂದು ಅನುಕೂಲವನ್ನು ಎಲ್ಲರೂ ತಿಳಿದಿರಬೇಕು. ನಿಮ್ಮ ಕಂಪನಿಯ ಸಿಗ್ನಲ್ ಇಲ್ಲದೆ ಫೋನಿನಲ್ಲಿ "ಎಮರ್ಜೆನ್ಸಿ ಕಾಲ್ಸ್ ಓನ್ಲಿ" ಎಂದು ಬರೆದಿದ್ದರೆ, ಬೇರೆ ಕಂಪನಿಯ ಟವರು ಅಲ್ಲಿ ಸಿಗುತ್ತಿದೆ ಎಂದರ್ಥ. 112 ನ್ನು ಫೋನು ತುರ್ತು ಸಂಖ್ಯೆಯೆಂದು ಗುರುತಿಸಿ ಆ ಟವರಿನ ಮೂಲಕ ಕರೆ ಮಾಡಲು ಪ್ರಯತ್ನಿಸುತ್ತದೆ. ಆದ್ದರಿಂದ ಕಡ್ಡಿ ಇಲ್ಲವೆಂದು 112 ಕ್ಕೆ ಕರೆ ಮಾಡದೆ ಬಿಡಬಾರದು. ಹಾಗೆಯೇ ಕಡ್ಡಿ ಇದೆಯೆಂದು ನಿಂತಲ್ಲೇ ಹತ್ತು ಸಲ ಪ್ರಯತ್ನಿಸುತ್ತಾ ಹೊತ್ತು ಕಳೆಯಲೂಬಾರದು. ಎರಡು ಸಲ ಆಗದಿದ್ದರೆ ಒಬ್ಬರು ಗುರುತು ಮಾಡಿದ ಜಾಗಕ್ಕೆ ಓಡಬೇಕು. ಇನ್ನೊಬ್ಬರು ಸಿಕ್ಕ ವಾಹನದಲ್ಲಿ ರೋಗಿಯನ್ನು ಆಸ್ಪತ್ರೆಗೆ ಸಾಗಿಸುವ ಏರ್ಪಾಡು ಮಾಡಬೇಕು. ಯಾವ ಕಂಪನಿಯ ಟವರೂ ಇಲ್ಲದ ಕಣಿವೆಯಲ್ಲಿ 112 ಸಹ ಸಿಗುವುದಿಲ್ಲ. ಅಂಥ ಕಡೆ ಒಬ್ಬಂಟಿಯಾಗಿ ಔಷಧಿ ಸಿಂಪಡಿಸಲು ಹೋಗಬಾರದು. ಹೋಗುವ ಮೊದಲು ಎಲ್ಲಿಗೆ ಹೋಗುತ್ತೀರಿ, ಎಷ್ಟು ಹೊತ್ತಿಗೆ ಬರುತ್ತೀರಿ ಎಂದು ಮನೆಯಲ್ಲಿ ಹೇಳಿ ಹೋಗಬೇಕು.

ಸುಧಾರಣಾ ಕ್ರಮಗಳು

- ತಗಡಿನ ಛಾವಣಿಯ ಕೆಳಗಿನಿಂದ ಹೊರಗೆ ಬನ್ನಿರಿ. ಎತ್ತರದ ಜಾಗ, ಟವರಿನ ಕಡೆಗೆ ತೆರೆದ ಬದಿ ಉತ್ತಮ.
- ಫೋನಿನ ಆಂಟೆನಾ ಇರುವ ಅಂಚುಗಳನ್ನು ಅಂಗೈಯಿಂದ ಪೂರ್ತಿ ಮುಚ್ಚಬೇಡಿರಿ. ಲೋಹದ ಕವಚ ಬೇಡ.
- ಕಡ್ಡಿ ಇದ್ದೂ ಕೆಲಸವಾಗದಿದ್ದರೆ ಏರೋಪ್ಲೇನ್ ಮೋಡನ್ನು ಹತ್ತು ಸೆಕೆಂಡು ಹಾಕಿ ತೆಗೆಯಿರಿ. ಫೋನು ಹೊಸದಾಗಿ ಟವರನ್ನು ಹುಡುಕುತ್ತದೆ.
- 5ಜಿ ಅಂಚಿನಲ್ಲಿರುವವರು ಸೆಟ್ಟಿಂಗ್ಸ್‌ನಲ್ಲಿ 4ಜಿ ಆಯ್ಕೆ ಮಾಡಿ ನೋಡಿರಿ. ವೋಲ್ಟಿ ಚಾಲೂ ಇರಲಿ.
- ಮನೆಗೆ ಫೈಬರ್ ಇಂಟರ್‌ನೆಟ್ ಬಂದಿದ್ದರೆ ವೈಫೈ ಕಾಲಿಂಗ್ ಚಾಲೂ ಮಾಡಿರಿ.
- ಎರಡು ಸಿಮ್ ಹಾಕುವ ಫೋನಿನಲ್ಲಿ ಎರಡೂ ಬೇರೆ ಬೇರೆ ಕಂಪನಿಯದಾಗಿರಲಿ.
- ಪೇಟೆಯಲ್ಲಿ ಮಾರುವ ಸಿಗ್ನಲ್ ಬೂಸ್ಟರುಗಳನ್ನು ಅನುಮತಿಯಿಲ್ಲದೆ ಅಳವಡಿಸುವುದು ಕಾನೂನಿಗೆ ವಿರುದ್ಧ. ಅವು ಟವರಿಗೆ ಗದ್ದಲ ತುಂಬಿ ಇಡೀ ಊರಿನ ಸೇವೆ ಕೆಡಿಸುತ್ತವೆ.

ದೂರು ಸಲ್ಲಿಸುವ ಬಗೆ

"ನೆಟ್‌ವರ್ಕ್ ಸರಿಯಿಲ್ಲ" ಎಂದಷ್ಟೇ ಹೇಳಿದರೆ "ನಿಮ್ಮಲ್ಲಿ ಕಡ್ಡಿ ಎಷ್ಟಿದೆ?" ಎಂದು ಕೇಳಿ ಕಳಿಸಿಬಿಡುತ್ತಾರೆ. ನಿಮ್ಮ ಪುಸ್ತಕದ ಅಂಕಿಗಳು ಉಪಯೋಗಕ್ಕೆ ಬರುವುದು ಇಲ್ಲಿಯೇ. ಕಂಪನಿಯ ದೂರು ಸಂಖ್ಯೆ 198 ಕ್ಕೆ ಕರೆ ಮಾಡಿ ಜಾಗ, ದಿನಾಂಕ, ಹೊತ್ತು, ಡಿಬಿಎಂ ಮತ್ತು ವಿಫಲವಾದ ಕರೆಗಳ ಸಂಖ್ಯೆಯನ್ನು ತಿಳಿಸಿ, ದೂರಿನ ಕ್ರಮಸಂಖ್ಯೆ ಪಡೆಯಿರಿ. ಪರಿಹಾರ ಸಿಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆಯಬಹುದು. ಊರಿನ ಹತ್ತು ಮನೆಯವರು ಸೇರಿ ಒಂದೇ ನಕ್ಷೆಯೊಡನೆ ಬರೆದರೆ ಹೆಚ್ಚು ಪ್ರಯೋಜನ.

ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ 2024ರ ನಿಯಮಗಳಂತೆ ಕಂಪನಿಗಳು ತಮ್ಮ ಸೇವಾವ್ಯಾಪ್ತಿಯ ನಕ್ಷೆಯನ್ನು ಜಾಲತಾಣದಲ್ಲಿ ಪ್ರಕಟಿಸಬೇಕು. ನಕ್ಷೆಯಲ್ಲಿ ಸೇವೆ ಇದೆ ಎಂದು ತೋರಿಸಿ, ನಿಮ್ಮಲ್ಲಿ ಇಲ್ಲದಿದ್ದರೆ ಅದನ್ನೂ ದೂರಿನಲ್ಲಿ ಬರೆಯಿರಿ. ಬೇರೆ ಕಂಪನಿಗೆ ಹೋಗಬೇಕೆನಿಸಿದರೆ ಸಂಖ್ಯೆ ಬದಲಾಯಿಸಬೇಕಾಗಿಲ್ಲ. 2011ರ ಜನವರಿಯಿಂದ ದೇಶದಾದ್ಯಂತ ಈ ಸೌಲಭ್ಯವಿದೆ. ಇಂಗ್ಲಿಷಿನಲ್ಲಿ ಪೋರ್ಟ್ ಎಂದು ಬರೆದು, ಸ್ವಲ್ಪ ಜಾಗ ಬಿಟ್ಟು, ನಿಮ್ಮ ಮೊಬೈಲ್ ಸಂಖ್ಯೆ ಬರೆದು 1900 ಕ್ಕೆ ಎಸ್.ಎಂ.ಎಸ್. ಕಳಿಸಬೇಕು. ಆದರೆ ಯಾವ ಕಂಪನಿ ಉತ್ತಮ ಎಂಬುದನ್ನು ನೆರೆಯವರ ಫೋನಿನ ಕಡ್ಡಿ ನೋಡಿ ನಿರ್ಧರಿಸದೆ, ನಿಮ್ಮ ಜಮೀನಿನಲ್ಲಿ ಮೇಲಿನ ಪರೀಕ್ಷೆ ನಡೆಸಿದ ಮೇಲೆ ನಿರ್ಧರಿಸಿರಿ.

ಸಾರಾಂಶ

ಸಿಗ್ನಲ್ ಕಡ್ಡಿಯು ಮಳೆಯ ಮೋಡದಂತೆ. ಸೂಚನೆ ಮಾತ್ರ, ಭರವಸೆಯಲ್ಲ. ಮೋಡ ಕಂಡಿತೆಂದು ತೇವ ನೋಡದೆ ಯಾರೂ ಬಿತ್ತುವುದಿಲ್ಲ. ಹಾಗೆಯೇ ಕಡ್ಡಿ ಕಂಡಿತೆಂದು ಪರೀಕ್ಷಿಸದೆ ಮೋಟಾರನ್ನೂ, ಹಣವನ್ನೂ, ಜೀವವನ್ನೂ ಅದಕ್ಕೆ ಒಪ್ಪಿಸಬಾರದು. ಡಿಬಿಎಂ ಅಂಕಿಯನ್ನು ಓದಲು ಕಲಿತು, ಜಮೀನಿನ ನಕ್ಷೆ ಮಾಡಿಟ್ಟುಕೊಂಡು, ಸಿಗ್ನಲ್ ಇಲ್ಲದಾಗಿನ ಬದಲಿ ವ್ಯವಸ್ಥೆಯನ್ನು ಮೊದಲೇ ಯೋಚಿಸಿಟ್ಟರೆ ದುರ್ಬಲ ಸಿಗ್ನಲಿನಲ್ಲಿಯೂ ಫೋನು ರೈತರಿಗೆ ಉಪಯುಕ್ತ ಸಾಧನವಾಗುತ್ತದೆ.

ಅಭ್ಯಾಸಕ್ಕೆ

1. -92 ಮತ್ತು -112 ಇವುಗಳಲ್ಲಿ ಯಾವುದು ಉತ್ತಮ ಸಿಗ್ನಲ್? ಎಷ್ಟು ಪಟ್ಟು?
2. ಟವರಿನ ಧ್ವನಿ ಫೋನಿಗೆ ಕೇಳಿಸಿದರೂ ಕರೆ ಹೋಗದಿರಲು ಕಾರಣವೇನು?
3. ಮೋಟಾರು ನಿಂತಿದೆ ಎಂದು ಖಚಿತಪಡಿಸಿಕೊಳ್ಳುವುದು ಹೇಗೆ?
4. ನಿಮ್ಮ ಜಮೀನಿನಲ್ಲಿ ಮೂರು ಕರೆಗಳೂ ಯಶಸ್ವಿಯಾಗುವ ಜಾಗ ಪಂಪ್ ಮನೆಯಿಂದ ಎಷ್ಟು ಹೆಜ್ಜೆ ದೂರದಲ್ಲಿದೆ?

(ಮೊದಲನೆಯ ಪ್ರಶ್ನೆಗೆ ಉತ್ತರ: -92 ಉತ್ತಮ, ನೂರು ಪಟ್ಟು. ಕೊನೆಯ ಪ್ರಶ್ನೆಗೆ ಉತ್ತರವನ್ನು ನೀವೇ ನಡೆದು ಕಂಡುಕೊಳ್ಳಬೇಕು.)